ನಾಲ್ಕು ಗರಿಯೆಳೆ, ಒಂದು ತಾಮ್ರದ ತಂತಿ



ಗಾಳ ಹಾಕುವುದು ಅಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಬಿದಿರಿನ ಕೋಲು, ದಾರ, ದಾರಕ್ಕೊಂದು ತೇಲುವ ಬೆಂಡು, ತುದಿಯ ಕೊಕ್ಕೆಗೆ ಸಿಕ್ಕಿಸಿದ ಎರೆಹುಳು. ಕೆರೆಯ ಏರಿ ಮೇಲೆ ಕೂತು ಬೆಂಡು ಯಾವಾಗ ಮುಳುಗೀತು ಎಂದು ಕಾಯುವುದು. ಕಾವೇರಿ ದಂಡೆಯವರಾದರೆ ಎರೆಹುಳುವಿನ ಬದಲು ರಾಗಿ ಹಿಟ್ಟಿನ ಉಂಡೆ. ಅದಕ್ಕೆ ಮಹಶೀರ್‌ನಂಥ ದೊಡ್ಡ ಮೀನೇ ಬಾಯಿ ಹಾಕುತ್ತಿತ್ತು. ಇದರಲ್ಲೆಲ್ಲ ಮೀನಿಗೆ ತಿನ್ನಲು ಏನೋ ಒಂದು ಸಿಗುತ್ತದೆ. ಹಾಗಾಗಿ ಮೋಸ ಅರ್ಧ ಮಾತ್ರ.

ಇವತ್ತು ನಾನು ಹೇಳಹೊರಟಿರುವುದು ಪೂರ್ತಿ ಮೋಸದ ವಿಚಾರ. ಇಲ್ಲಿ ಕೊಕ್ಕೆಯಲ್ಲಿ ತಿನ್ನುವಂಥದ್ದು ಏನೇನೂ ಇರುವುದಿಲ್ಲ. ಹಕ್ಕಿಯ ಬಾಲದ ಗರಿಯಿಂದ ನಾಲ್ಕು ಎಳೆ, ಕೂದಲಿನಂಥ ತಾಮ್ರದ ತಂತಿ, ಇಷ್ಟನ್ನೇ ಸುತ್ತಿ ಒಂದು ನೀರುಹುಳು ಮಾಡುವುದು. ಅದನ್ನು ಹೊಳೆಗೆ ಬಿಟ್ಟು ಟ್ರೌಟ್ ಎಂಬ ಬಲು ಅನುಮಾನದ ಮೀನನ್ನು ನಂಬಿಸುವುದು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಸುಳ್ಳು ಹುಳುವಿಗೆ ಫೆಸೆಂಟ್ ಟೇಲ್ ನಿಂಫ್ ಎಂದು ಹೆಸರು. ಫೆಸೆಂಟ್ ಅಂದರೆ ನಮ್ಮ ಕೋಳಿ, ನವಿಲುಗಳ ಬಳಗದ ಹಕ್ಕಿ.

ಇದು ನಮಗೇಕೆ ಎಂದು ನೀವು ಕೇಳಬಹುದು. ದೆಹಲಿಯಲ್ಲಿರುವ ನಮ್ಮವರು ಬೇಸಿಗೆ ರಜೆ ಬಂತೆಂದರೆ ಕುಲ್ಲು ಕಡೆಗೆ, ತೀರ್ಥನ್ ಕಣಿವೆಗೆ ಹೊರಡುತ್ತಾರೆ. ಚೆನ್ನೈಯವರು ಊಟಿಗೆ ಹೋಗುತ್ತಾರೆ. ಆ ತಣ್ಣೀರಿನಲ್ಲೆಲ್ಲ ಟ್ರೌಟ್ ಇದೆ. ಅದು ಅಲ್ಲಿ ಹುಟ್ಟಿದ ಮೀನಲ್ಲ. ಬ್ರಿಟಿಷರು ಹಡಗಿನಲ್ಲಿ ಮೊಟ್ಟೆ ತರಿಸಿ ಮರಿ ಮಾಡಿಸಿ ಬಿಟ್ಟದ್ದು. ಕಾಶ್ಮೀರಕ್ಕೆ 1900ರ ಸುಮಾರಿಗೆ ಬಂತು, ನೀಲಗಿರಿಯಲ್ಲೂ ಕುಲ್ಲುವಿನಲ್ಲೂ ಅದರ ನಂತರದ ಹತ್ತು ವರ್ಷದೊಳಗೆ ನೆಲೆಯಾಯಿತು. ಕಾಶ್ಮೀರ, ಕುಲ್ಲುವಿನ ಹೊಳೆಗಳಿಗೆ ಬಂದದ್ದು ಕಂದು ಟ್ರೌಟ್, ನೀಲಗಿರಿಯಲ್ಲಿ ಬೇರೂರಿದ್ದು ಕಾಮನಬಿಲ್ಲಿನ ಬಣ್ಣದ ರೇನ್‌ಬೋ ಟ್ರೌಟ್. ನಮ್ಮ ಕೆರೆ ಹೊಳೆಗಳ ಬೆಚ್ಚನೆ ನೀರು ಈ ಮೀನಿಗೆ ಆಗದು. ನೀರು 20 ಡಿಗ್ರಿ ದಾಟಿತೆಂದರೆ ಅದಕ್ಕೆ ಸಂಕಟ ಶುರುವಾಗುತ್ತದೆ.

ಮೊದಲು ಅಸಲಿ ಹುಳುವಿನ ಪರಿಚಯ ಮಾಡಿಕೊಳ್ಳೋಣ, ನಕಲಿ ಆಮೇಲೆ. ಮೇಫ್ಲೈ ಎಂದೊಡನೆ ಮೊದಲ ಮಳೆ ಬಿದ್ದ ಸಂಜೆ ನಮ್ಮ ದೀಪಕ್ಕೆ ಮುತ್ತುವ ಈಸಲು ಹುಳು ಎಂದುಕೊಳ್ಳಬೇಡಿ. ಅದು ಗೆದ್ದಲಿನ ಕುಲ, ನೆಲದ್ದು. ಮೇಫ್ಲೈ ನೀರಿನದು. ಹೊಳೆಯ ಕಲ್ಲು, ಪಾಚಿ, ನೀರುಗಿಡಗಳ ನಡುವೆ ರೆಕ್ಕೆಯಿಲ್ಲದ ಮರಿಯಾಗಿ ತಿಂಗಳುಗಟ್ಟಲೆ ಬಾಳುತ್ತದೆ. ಕೆಲವು ಜಾತಿಯವು ವರ್ಷವಿಡೀ, ಇನ್ನೂ ಹೆಚ್ಚು ಕಾಲ ಹಾಗೇ ಇರುತ್ತವೆ. ಈ ಮರಿಗೇ ನಿಂಫ್ ಎನ್ನುವುದು. ಒಂದು ದಿನ ಅದು ನೀರಿನ ಮೇಲಕ್ಕೆ ಈಜಿ ಬಂದು, ಬೆನ್ನು ಸೀಳಿಕೊಂಡು, ರೆಕ್ಕೆ ಬಿಚ್ಚಿ ಹಾರುತ್ತದೆ. ಅಲ್ಲಿಂದಾಚೆಗೆ ಅದರ ಆಯುಸ್ಸು ಗಂಟೆಗಳ ಲೆಕ್ಕ, ಹೆಚ್ಚೆಂದರೆ ಕೆಲವು ದಿನ. ಉಣ್ಣುವ ಬಾಯಿಯೂ ಆಗ ಕೆಲಸಕ್ಕಿಲ್ಲ. ಜೋಡಿಯಾಗಿ, ಮೊಟ್ಟೆಯಿಟ್ಟು, ಮುಗಿಯಿತು.

ಈಗ ಮೀನಿನ ಕಡೆಯಿಂದ ನೋಡಿ. ಹುಳು ವರ್ಷದ ಹೆಚ್ಚು ಪಾಲು ನೀರೊಳಗೆ, ಒಂದೆರಡು ದಿನ ಮಾತ್ರ ಹೊರಗೆ. ಹಾಗಿದ್ದಮೇಲೆ ಟ್ರೌಟ್‌ನ ಊಟದ ದೊಡ್ಡ ಪಾಲು ನೀರೊಳಗೇ ನಡೆಯುತ್ತದೆ. ಮೇಲೆ ಬಂದು ಬಾಯಿ ತೆರೆದು ಗುಳುಂ ಎನ್ನಿಸುವುದು ನಮ್ಮ ಕಣ್ಣಿಗೆ ಬೀಳುತ್ತದೆ, ಒಳಗಿನದು ಬೀಳುವುದಿಲ್ಲ, ಅಷ್ಟೇ.

ಇಷ್ಟು ಸರಳವಾದ ಮಾತಿಗೆ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ಆಗಿಹೋಯಿತು. ದಕ್ಷಿಣ ಇಂಗ್ಲೆಂಡಿನಲ್ಲಿ ಸುಣ್ಣಕಲ್ಲಿನ ನೆಲದಿಂದ ಉಕ್ಕಿ ಹರಿಯುವ ಹೊಳೆಗಳಿವೆ. ಟೆಸ್ಟ್, ಇಚೆನ್, ಏವನ್ ಇಂಥವು. ನೀರು ಗಾಜಿನಷ್ಟು ತಿಳಿ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಂಪು. ಈ ಹೊಳೆಗಳ ದಂಡೆಯಲ್ಲಿ ಫ್ರೆಡರಿಕ್ ಹಾಲ್ಫರ್ಡ್ ಎಂಬಾತ 1886ರಿಂದಾಚೆಗೆ ಪುಸ್ತಕದ ಮೇಲೆ ಪುಸ್ತಕ ಬರೆದು ತೇಲುವ ಹುಳುವಿನ ಶಾಸ್ತ್ರ ಕಟ್ಟಿದ. ಅವನ ಶಿಷ್ಯರು ಅದನ್ನು ಮಡಿಯನ್ನಾಗಿ ಮಾಡಿದರು. ಮೀನು ಮೇಲೆದ್ದು ತಿನ್ನುತ್ತಿದ್ದರೆ ಮಾತ್ರ, ಅದರ ಮುಂದೆ ತೇಲುವ ಹುಳುವನ್ನೇ ಬಿಡಬೇಕು. ಮುಳುಗುವ ಹುಳು ಮೈಲಿಗೆ! ನಮ್ಮ ಮಡಿವಂತರನ್ನು ನೋಡಿದವರಿಗೆ ಇದೇನೂ ಹೊಸತಲ್ಲ ಬಿಡಿ.

ಜಿ.ಇ.ಎಂ. ಸ್ಕ್ಯೂಸ್ ಎಂಬ ಲಂಡನ್ನಿನ ವಕೀಲರು ಈ ಮಡಿ ಮುರಿದರು. ಹಿಡಿದ ಮೀನಿನ ಹೊಟ್ಟೆಯೊಳಗೇನಿದೆ ಎಂದು ಬಿಡಿಸಿ ನೋಡುವ ಅಭ್ಯಾಸ ಅವರದು. ಒಳಗೆ ಸಿಕ್ಕಿದ್ದು ಹೆಚ್ಚಾಗಿ ನಿಂಫ್‌ಗಳೇ. 1910ರಲ್ಲಿ ಮೊದಲ ಪುಸ್ತಕ ಬರೆದರು. ವಾದ ಹಬ್ಬುತ್ತಾ ಹೋಗಿ 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ಇದರ ಮೇಲೆ ಚರ್ಚಾಕೂಟವೇ ಏರ್ಪಟ್ಟಿತು. ಆಗ ಸ್ಕ್ಯೂಸ್‌ಗೆ ಎಂಬತ್ತರ ಹತ್ತಿರ ವಯಸ್ಸು. ಆದರೆ ಅವರ ನಿಂಫ್‌ಗೆ ತೂಕ ಇರಲಿಲ್ಲ. ರೇಷ್ಮೆ ದಾರ, ತುಪ್ಪಳ, ಕಾಲಿನ ಬದಲಿಗೆ ಒಂದೆರಡು ಸುತ್ತು ಗರಿ. ನೀರಿನ ಮೇಲ್ಪದರದ ಕೆಳಗೆ ನಾಲ್ಕಾರು ಬೆರಳಷ್ಟು ಇಳಿಯುತ್ತಿತ್ತು. ಅದಕ್ಕೂ ಕೆಳಗೆ ಮಲಗಿರುವ ಮೀನಿಗೆ ಅದು ಎಟುಕುತ್ತಿರಲಿಲ್ಲ.

ಎಟುಕಿಸಿದವನು ಪುಸ್ತಕದ ಪಂಡಿತನಲ್ಲ, ಹೊಳೆಯ ಕಾವಲುಗಾರ. ಫ್ರಾಂಕ್ ಸಾಯರ್. ಹುಟ್ಟಿದ್ದು 1906ರಲ್ಲಿ, ವಿಲ್ಟ್‌ಶೈರ್‌ನ ಏವನ್ ಹೊಳೆಯ ದಂಡೆಯ ಊರಿನಲ್ಲಿ. ಅದೇ ಹೊಳೆಯ ನೆದರೇವನ್ ಎಂಬಲ್ಲಿ ಸೇನಾಧಿಕಾರಿಗಳ ಮೀನುಗಾರಿಕೆ ಸಂಘವೊಂದಿತ್ತು. ಅದರ ಪಾಲಿನ ಹೊಳೆಯನ್ನು ನೋಡಿಕೊಳ್ಳುವ ಕೆಲಸ ಇವನದು. ಮೀನು ಹಿಡಿಯುವವರು ಅಧಿಕಾರಿಗಳು, ಕೆಸರು ಎತ್ತುವವನು, ನೀರುಗಿಡ ಕತ್ತರಿಸುವವನು, ಟ್ರೌಟ್ ಮರಿ ನುಂಗುವ ಪೈಕ್ ಮೀನನ್ನು ತೆಗೆಯುವವನು ಸಾಯರ್. ಅವರು ಹಂಗಾಮಿನಲ್ಲಿ ಬಂದು ಹೋಗುತ್ತಿದ್ದರು. ಇವನು ಮಂಜು ಸುರಿಯುವ ತಿಂಗಳಲ್ಲೂ ದಿನಾ ದಂಡೆ ಸುತ್ತುತ್ತಿದ್ದ. ಸ್ಕ್ಯೂಸ್ ಹುಳುವನ್ನು ನೋಡಿದ್ದು ಸತ್ತ ಮೇಲೆ, ಮೀನಿನ ಹೊಟ್ಟೆಯಲ್ಲಿ. ಸಾಯರ್ ನೋಡಿದ್ದು ಜೀವಂತ, ಈಜುತ್ತಿರುವಾಗ. ನನ್ನ ಮಟ್ಟಿಗೆ ಇಡೀ ಕಥೆ ಈ ವ್ಯತ್ಯಾಸದಲ್ಲೇ ಇದೆ.

ಸಾಯರ್ ಕಂಡದ್ದು ಏನು? ಬೀಟಿಸ್ ಎಂಬ ಜಾತಿಯ ನಿಂಫ್‌ಗಳು ಈಜುಗಾರ ಹುಳುಗಳು. ಉದ್ದ ಒಂದು ಸೆಂಟಿಮೀಟರಿನೊಳಗೆ, ಸಣ್ಣ ಮೀನಿನಂಥ ಮೈ, ಮೂರು ಬಾಲದೆಳೆ. ಈಜುವಾಗ ಅವು ಕಾಲು ಬಡಿಯುವುದಿಲ್ಲ. ಕಾಲನ್ನು ಮೈಗೆ ಒತ್ತಿಕೊಂಡು, ಹೊಟ್ಟೆ ಬಾಲಗಳನ್ನು ಬಡಿದು ಚಿಮ್ಮುತ್ತವೆ. ಸ್ವಲ್ಪ ಚಿಮ್ಮುವುದು, ಸ್ವಲ್ಪ ಸೋತು ಮುಳುಗುವುದು, ಮತ್ತೆ ಚಿಮ್ಮುವುದು. ರೆಕ್ಕೆ ಬಿಚ್ಚುವ ಕಾಲ ಹತ್ತಿರವಾದಂತೆ ಎದೆಯ ಭಾಗ ಉಬ್ಬಿ, ಬೆನ್ನ ಮೇಲಿನ ರೆಕ್ಕೆಯ ಪೊಟ್ಟಣ ಕಪ್ಪಾಗುತ್ತದೆ. ಇಷ್ಟನ್ನು ಕಂಡವನು ತನ್ನ ನಕಲಿಯಿಂದ ಕಾಲುಗಳನ್ನೇ ಕಿತ್ತುಹಾಕಿದ. ಕಾಲೆಂದು ಗರಿ ಸುತ್ತಿದರೆ ಅದು ಛತ್ರಿಯ ಹಾಗೆ ನೀರಿನಲ್ಲಿ ಹರಡಿಕೊಂಡು ಮುಳುಗಲು ಬಿಡುವುದಿಲ್ಲ. ರೇಷ್ಮೆ ದಾರವನ್ನೂ ಬಿಟ್ಟ. ದಾರದ ಬದಲು ತಾಮ್ರದ ತಂತಿ. ಕಟ್ಟುವ ದಾರವೂ ಅದೇ, ತೂಕವೂ ಅದೇ, ಗರಿಯೆಳೆಗಳ ನಡುವೆ ಇಣುಕುವ ಕೆಂಗಂದು ಹೊಳಪೂ ಅದೇ. 1958ರಲ್ಲಿ ಬಂದ ಅವನ ಪುಸ್ತಕದಲ್ಲಿ ಇದೆಲ್ಲ ಇದೆ.

ಕಟ್ಟುವುದು ಹೇಗೆ ಎಂದು ಈಗ ಹೇಳುತ್ತೇನೆ. ರೇಡಿಯೋದಲ್ಲಿ ಕೈಕೆಲಸ ಕಲಿಸುವುದು ಕಷ್ಟ, ನಿಜ. ಅದಕ್ಕೇ ಈ ಬರಹ ಕೈಯಲ್ಲಿರಲಿ.

ಬೇಕಾದದ್ದು ಸಣ್ಣ ಕೊಕ್ಕೆ, ಅಂಗಡಿಯ ಲೆಕ್ಕದಲ್ಲಿ 14 ಅಥವಾ 16ನೇ ನಂಬರು. ಈ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕೊಕ್ಕೆ ಚಿಕ್ಕದು. ಕೊಕ್ಕೆ ಹಿಡಿಯಲು ಮೇಜಿಗೆ ಸಿಕ್ಕಿಸುವ ಪುಟ್ಟ ವೈಸ್. ತಂತಿಗೆ ಎಲ್ಲೂ ಹುಡುಕಾಡಬೇಕಿಲ್ಲ. ಫ್ಯಾನು, ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ 36ರಿಂದ 40 ಗೇಜಿನೊಳಗಿನ ತಂತಿ ಎರಡು ಮಾರು ಕೇಳಿ. ಎನಾಮಲ್ ಹಚ್ಚಿದ ಆ ಕೆಂಗಂದು ಬಣ್ಣವೇ ನಮಗೆ ಬೇಕಾದದ್ದು. ಇನ್ನು ಗರಿ. ಗಂಡು ಫೆಸೆಂಟ್‌ನ ಬಾಲದ ನಡುಗರಿ. ಇಂಗ್ಲೆಂಡಿನಲ್ಲಿ ಬೇಟೆಗೆಂದೇ ಈ ಹಕ್ಕಿಯನ್ನು ಸಾಕುವುದರಿಂದ ಅಲ್ಲಿ ಅದು ಕಸದ ಸಮಾನ, ಹಳ್ಳಿಯ ಕಾವಲುಗಾರನ ಕೈಗೆ ಸಿಕ್ಕಿದ್ದು ಆ ಕಾರಣಕ್ಕೇ. ನಮ್ಮಲ್ಲಿ ಹಾಗಲ್ಲ. ಹಿಮಾಲಯದಲ್ಲಿ ಮೊನಾಲ್, ಟ್ರಾಗೋಪಾನ್‌ನಂಥ ಫೆಸೆಂಟ್‌ಗಳಿವೆ. ಹಿಮಾಚಲದ ರಾಜ್ಯಪಕ್ಷಿಯೇ ಒಂದು ಟ್ರಾಗೋಪಾನ್. ಅವಕ್ಕೆಲ್ಲ 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಕಣಿವೆಯಲ್ಲಿ ಯಾರಾದರೂ ಅವುಗಳ ಗರಿ ತಂದುಕೊಟ್ಟರೆ ಮುಟ್ಟಬೇಡಿ. ಫ್ಲೈ ಕಟ್ಟುವ ಸಾಮಾನು ಮಾರುವವರ ಹತ್ತಿರ ಸಾಕಿದ ಹಕ್ಕಿಯ ಗರಿ ಸಿಗುತ್ತದೆ. ಒಂದು ಗರಿಯಲ್ಲಿ ಹತ್ತಾರು ನಿಂಫ್ ಆಗುತ್ತವೆ.

ಕೊಕ್ಕೆಯನ್ನು ವೈಸ್‌ಗೆ ಬಿಗಿದ ಮೇಲೆ, ಕೊಕ್ಕೆಯ ಕಣ್ಣಿನ ಹಿಂದಿನಿಂದ ಬಾಗಿನವರೆಗೆ ತಂತಿಯನ್ನು ಒತ್ತೊತ್ತಾಗಿ ಸುತ್ತಿ. ಸುತ್ತುಗಳು ಒಂದರ ಮೇಲೊಂದು ಏರಬಾರದು, ಪಕ್ಕಪಕ್ಕ ಕೂರಬೇಕು. ಮತ್ತೆ ಮುಂದಕ್ಕೆ ಬಂದು, ಕಣ್ಣಿನ ಕಡೆಯ ಮೂರರಲ್ಲೊಂದು ಪಾಲಿನಲ್ಲಿ ಮಾತ್ರ ಹಿಂದೆ ಮುಂದೆ ಸುತ್ತಿ ಗುಬ್ಬಿ ಎಬ್ಬಿಸಿ. ಅದು ಹುಳುವಿನ ಎದೆ. ತಂತಿಯ ತೂಕ ಹೆಚ್ಚಾಗಿ ಅಲ್ಲೇ ಕೂತಿರಬೇಕು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಇದಾದ ಮೇಲೆ ತಂತಿಯನ್ನು ಬಿಡಿಬಿಡಿಯಾಗಿ ಸುತ್ತುತ್ತ ಮತ್ತೆ ಬಾಗಿನ ಹತ್ತಿರ ಒಯ್ಯಿರಿ.

ಈಗ ಗರಿಯಿಂದ ನಾಲ್ಕು ಎಳೆಗಳನ್ನು ತುದಿ ಸಮವಾಗಿರುವಂತೆ ಹಿಡಿದು ಕಿತ್ತುಕೊಳ್ಳಿ. ತುದಿಗಳು ಬಾಗಿನಿಂದ ಹಿಂದಕ್ಕೆ ಮೂರು ಮಿಲಿಮೀಟರಿನಷ್ಟು ಚಾಚಿರಲಿ, ಅದೇ ಬಾಲ. ಒಂದೆರಡು ಸುತ್ತು ತಂತಿಯಿಂದ ಅಲ್ಲಿ ಬಿಗಿಯಿರಿ. ಉಳಿದ ಉದ್ದದ ಎಳೆಗಳನ್ನು ತಂತಿಯ ಜತೆಗೇ ಸೇರಿಸಿ, ಹೂ ಕಟ್ಟುವವರು ಬಾಳೆನಾರು ಹೊಸೆಯುವ ಹಾಗೆ ಬೆರಳಲ್ಲಿ ಹೊಸೆಯಿರಿ. ಹೊಸೆದ ಹಗ್ಗವನ್ನೇ ಕಣ್ಣಿನ ತನಕ ಸುತ್ತಿಕೊಂಡು ಹೋಗಿ. ಬರೀ ಗರಿಯೆಳೆಯಾಗಿದ್ದರೆ ಮೀನಿನ ಹಲ್ಲಿಗೆ ಒಂದೇ ಸಲಕ್ಕೆ ಹರಿದುಹೋದೀತು. ತಂತಿಯ ಜತೆ ಹೊಸೆದದ್ದು ತಾಳಿಕೊಳ್ಳುತ್ತದೆ. ಕಣ್ಣಿನ ಹತ್ತಿರ ಎಳೆಗಳನ್ನು ತಂತಿಯಿಂದ ಬಿಡಿಸಿ, ತಂತಿಯಿಂದ ಒಂದು ಸುತ್ತು ಬಿಗಿದು, ಎಳೆಗಳನ್ನು ಎದೆಯ ಬೆನ್ನ ಮೇಲಿಂದ ಹಿಂದಕ್ಕೆ ಮಡಚಿ. ತಂತಿಯನ್ನು ಎದೆಯ ಹಿಂದಕ್ಕೆ ತಂದು ಅಲ್ಲಿ ಬಿಗಿಯಿರಿ. ಮತ್ತೆ ಮುಂದಕ್ಕೆ ಮಡಚಿ ಕಣ್ಣಿನ ಹಿಂದೆ ಬಿಗಿಯಿರಿ. ಎಳೆಯ ಉದ್ದ ಉಳಿದಿದ್ದರೆ ಇನ್ನೊಮ್ಮೆ. ಹೀಗೆ ಪದರವಾದದ್ದೇ ಕಪ್ಪು ರೆಕ್ಕೆಪೊಟ್ಟಣ. ತಂತಿಯಿಂದಲೇ ಎರಡು ಅರ್ಧಗಂಟು ಹಾಕಿ, ಮಿಕ್ಕದ್ದನ್ನು ಕತ್ತರಿಸಿದರೆ ಹುಳು ಸಿದ್ಧ.

ನೋಡಲು ಏನೂ ಅಲ್ಲ. ಸೋಂಪಿನ ಕಾಳಿಗೆ ಬಾಲ ಬಂದಂತೆ ಇರುತ್ತದೆ. ಮೊದಲ ಸಲ ಕಟ್ಟುವವರಿಗೆಲ್ಲ ಇಲ್ಲಿ ಕೈ ಕಡಿಯತೊಡಗುತ್ತದೆ. ಎರಡು ಕಣ್ಣು ಇಡೋಣ, ನಾಲ್ಕು ಕಾಲು ಹಚ್ಚೋಣ, ಸ್ವಲ್ಪ ನವಿಲುಗರಿ ಸೇರಿಸೋಣ ಎನ್ನಿಸುತ್ತದೆ. ಅಮೆರಿಕದಲ್ಲಿ ಎದೆಗೆ ನವಿಲುಗರಿ ಸುತ್ತಿ, ಕಾಲು ಬಿಟ್ಟು ಕಟ್ಟುವ ಪದ್ಧತಿ ಇದೆ, ಅದಕ್ಕೂ ಮೀನು ಬೀಳುತ್ತದೆ, ಇಲ್ಲವೆನ್ನುವುದಿಲ್ಲ. ಆದರೂ ಮೊದಲ ಹತ್ತನ್ನು ಸಾಯರ್ ಹೇಳಿದಂತೆಯೇ ಕಟ್ಟಿ. ಕಟ್ಟಿದ್ದನ್ನು ಒಂದು ಗಾಜಿನ ಲೋಟದ ನೀರಿಗೆ ಹಾಕಿ ನೋಡಿ. ಮೇಲೆ ಅಂಟಿಕೊಳ್ಳದೆ, ತಲೆ ಮುಂದಾಗಿ, ತಡವರಿಸದೆ ತಳ ಸೇರಿದರೆ ಅದು ಕೆಲಸಕ್ಕೆ ಬರುವ ಹುಳು. ಗಿರಗಿರನೆ ತಿರುಗುತ್ತ ಇಳಿದರೆ ಸುತ್ತು ಒಂದು ಕಡೆಗೆ ವಾಲಿದೆ ಎಂದರ್ಥ, ಬಿಚ್ಚಿ ಮತ್ತೆ ಕಟ್ಟಿ.

ಈಗ ತೂಕದ ಮಾತು. ಭಾರ ಹಾಕುವುದು ಮುಳುಗಲಿಕ್ಕೆ ಎಂದು ಎಲ್ಲರೂ ತಿಳಿಯುತ್ತಾರೆ. ಅದು ನಿಜವೇ, ಆದರೆ ಅರ್ಧ ನಿಜ. ಬರೀ ಮುಳುಗುವುದಾದರೆ ಕಲ್ಲೂ ಮುಳುಗುತ್ತದೆ. ಭಾರ ಇರುವುದು ಏಳಲಿಕ್ಕೆ. ಮೀನು ಇರುವ ಆಳಕ್ಕೆ ಹುಳು ಮೊದಲು ಇಳಿದಿದ್ದರೆ ತಾನೆ ಅಲ್ಲಿಂದ ಮೇಲೇಳುವುದು? ಎದೆಯಲ್ಲಿ ಭಾರ, ಅದರ ಮುಂದೇ ದಾರ ಕಟ್ಟುವ ಕಣ್ಣು. ದಾರ ಸ್ವಲ್ಪ ಬಿಗಿಯಾದರೆ ಹುಳುವಿನ ತಲೆ ಮೇಲಾಗಿ ಏಳುತ್ತದೆ, ಸಡಿಲವಾದರೆ ತಲೆ ಬಗ್ಗಿಸಿ ಇಳಿಯುತ್ತದೆ. ಜೀವಂತ ಬೀಟಿಸ್ ಚಿಮ್ಮಿ ಸೋಲುವುದು ಹೀಗೇ ತಾನೆ.

ಸಾಯರ್ ಮೀನು ಹಿಡಿಯುತ್ತಿದ್ದುದು ಇದನ್ನೇ ನೆಚ್ಚಿಕೊಂಡು. ತಿಳಿನೀರಿನಲ್ಲಿ ಮೀನನ್ನು ಮೊದಲು ಕಣ್ಣಾರೆ ಕಾಣಬೇಕು. ಕೆಳಹೊಳೆಯ ಕಡೆ, ಅದರ ಬೆನ್ನ ಹಿಂದೆ ನಿಂತು, ಅದು ಮಲಗಿರುವ ಜಾಗಕ್ಕಿಂತ ಒಂದೆರಡು ಮಾರು ಮೇಲೆ ಹುಳುವನ್ನು ಇಳಿಸಬೇಕು. ಎಷ್ಟು ಮೇಲೆ ಎಂಬುದು ಆಳಕ್ಕೂ ಸೆಳವಿಗೂ ತಕ್ಕ ಲೆಕ್ಕ. ಮೀನಿನ ಹತ್ತಿರ ಬರುವಷ್ಟರಲ್ಲಿ ಹುಳು ಅದರ ಮಟ್ಟಕ್ಕೆ ಇಳಿದಿರಬೇಕು. ಬಂತು ಎನ್ನುವಾಗ ಕೋಲಿನ ತುದಿಯನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಮೇಲಕ್ಕೆತ್ತಬೇಕು. ಮೀನಿನ ಮೂಗಿನ ಮುಂದೆಯೇ ಹುಳು ಎದ್ದು ಓಡಲು ನೋಡುತ್ತದೆ. ಅಲ್ಲಿಯತನಕ ಬೇಡವೆಂದು ಸುಮ್ಮನಿದ್ದ ಮೀನು, ಓಡುವುದನ್ನು ಕಂಡ ಬೆಕ್ಕಿನ ಹಾಗೆ, ಯೋಚಿಸದೆ ಬಾಯಿ ಹಾಕುತ್ತದೆ. ಇಂಗ್ಲಿಷಿನವರು ಇದಕ್ಕೆ ಇಂಡ್ಯೂಸ್ಡ್ ಟೇಕ್ ಎನ್ನುತ್ತಾರೆ. ನಾವು ಕೆಣಕಿ ಕಚ್ಚಿಸುವುದು ಎನ್ನೋಣ.

ಬಣ್ಣ, ಗರಿ, ಬಾಲ ಇವೆಲ್ಲ ಎಷ್ಟು ಮುಖ್ಯ ಎಂಬ ಪ್ರಶ್ನೆಗೆ ಸಾಯರ್‌ನ ನೆರೆಯವನೇ ಆದ ಆಲಿವರ್ ಕೈಟ್ ಒಂದು ಉತ್ತರ ಕೊಟ್ಟ. ಇವನು ಸೈನ್ಯದಲ್ಲಿ ಮೇಜರ್ ಆಗಿದ್ದವನು. 1960ರ ದಶಕದಲ್ಲಿ ಇಂಗ್ಲೆಂಡಿನ ಟೆಲಿವಿಷನ್‌ನಲ್ಲಿ ಹೊಳೆ, ಕಾಡಿನ ಕಾರ್ಯಕ್ರಮ ನಡೆಸಿ ಮನೆಮಾತಾಗಿದ್ದ. ಇವನು ಗರಿಯನ್ನೂ ಬಿಟ್ಟು, ಬರೀ ಕೊಕ್ಕೆಗೆ ಎದೆಯ ಜಾಗದಲ್ಲಿ ನಾಲ್ಕು ಸುತ್ತು ತಾಮ್ರದ ತಂತಿ ಸುತ್ತಿ, ಅದರಲ್ಲೇ ಟ್ರೌಟ್ ಹಿಡಿದು ತೋರಿಸಿದ. ಭಾರ ಇದ್ದ ಜಾಗ ಸರಿ, ಎತ್ತಿದ ಕೈ ಸರಿ, ಮೀನಿಗೆ ಅಷ್ಟು ಸಾಕಾಯಿತು. ಹಾಗೆಂದು ಗರಿ ದಂಡ ಎಂದು ನಾನು ಹೇಳುವುದಿಲ್ಲ. ದಿನಾ ಗಾಳ ಕಾಣುವ ಹೊಳೆಯಲ್ಲಿ ಮೀನು ಚಾಣಾಕ್ಷ. ಅಲ್ಲಿ ಎರಡೂ ಬೇಕು. ಯಾವುದು ಮೊದಲು ಎಂಬುದು ಮಾತ್ರ ಕೈಟ್ ತೋರಿಸಿಕೊಟ್ಟ ವಿಷಯ.

ಏವನ್ ಬಿಟ್ಟು ನಮ್ಮ ತೀರ್ಥನ್‌ಗೆ ಬಂದರೆ ಆಟದ ಅಂಗಳವೇ ಬೇರೆ. ಇದು ಗುಂಡುಕಲ್ಲಿನ ಮೇಲೆ ಧುಮುಕುವ ಹಿಮದ ನೀರು. ಮೀನು ಕಣ್ಣಿಗೆ ಕಾಣುವುದು ಅಪರೂಪ. ಇಲ್ಲಿ ಎಲ್ಲಿ ಇರಬೇಕು ಎಂದು ಊಹಿಸಿ ಹಾಕಬೇಕು. ದೊಡ್ಡ ಬಂಡೆಯ ಹಿಂದಿನ ಮಡು, ಸೆಳವೂ ನಿಂತ ನೀರೂ ಸೇರುವ ಗೆರೆ, ದಂಡೆ ಕೊರೆದ ನೆರಳು, ಇಂಥ ಕಡೆ. ಮೀನು ಸೆಳವಿನೊಂದಿಗೆ ಹೋರಾಡದೆ ಊಟ ಮಾತ್ರ ಹರಿದುಬರುವ ಜಾಗ ಹುಡುಕಿಕೊಂಡಿರುತ್ತದೆ. ಉದ್ದ ಎಸೆಯಬೇಡಿ. ಹತ್ತಿರ ಹೋಗಿ, ಕೋಲು ಎತ್ತಿ ಹಿಡಿದು, ನೀರಿನ ಮೇಲೆ ಆದಷ್ಟು ಕಡಿಮೆ ದಾರ ಬಿದ್ದಿರುವ ಹಾಗೆ ನೋಡಿಕೊಳ್ಳಿ. ದಾರವನ್ನು ಸೆಳವು ಎಳೆದುಕೊಂಡು ಹೋದರೆ ಹುಳು ಅದರ ಹಿಂದೆ ಓಡುತ್ತದೆ, ಇಳಿಯುವುದೇ ಇಲ್ಲ. ಕೊನೆಯ ನೈಲಾನ್ ಎಳೆ ಸಣ್ಣದಿರಲಿ. ದಪ್ಪ ಎಳೆ ನೀರಿನಲ್ಲಿ ತಡೆಯುತ್ತದೆ, ಭಾರ ಹಾಕಿದ ಲಾಭವನ್ನೆಲ್ಲ ಅದೇ ತಿಂದುಹಾಕುತ್ತದೆ.

ಮೀನು ಕಚ್ಚಿದ್ದು ತಿಳಿಯುವುದು ಕೈಗಲ್ಲ, ಕಣ್ಣಿಗೆ. ದಾರ ನೀರಿಗೆ ಇಳಿಯುವ ಜಾಗವನ್ನೇ ನೋಡುತ್ತಿರಿ. ಅದು ತಡೆದು ನಿಂತರೆ, ಗುಟುಕು ಇಳಿದರೆ, ಕಾರಣವಿಲ್ಲದೆ ಪಕ್ಕಕ್ಕೆ ಸರಿದರೆ ಆ ಗಳಿಗೆಯಲ್ಲೇ ಮೊಣಕೈ ಅಲ್ಲಾಡಿಸದೆ ಮಣಿಕಟ್ಟಿನಿಂದ ಎತ್ತಬೇಕು. ಹತ್ತರಲ್ಲಿ ಆರು ಸಲ ಅದು ಕಲ್ಲಾಗಿರುತ್ತದೆ. ಆದರೂ ಎತ್ತಲೇಬೇಕು. ಗಟ್ಟಿ ಲೋಹದ ರುಚಿ ತಿಳಿದ ಮೀನು ಉಗುಳಲು ಒಂದು ಕ್ಷಣವೂ ತೆಗೆದುಕೊಳ್ಳುವುದಿಲ್ಲ. ಹುಳು ಅಷ್ಟು ದೂರ ಹರಿದು, ದಾರ ಬಿಗಿಯಾಗುವ ಹೊತ್ತಿಗೆ ತಾನಾಗಿಯೇ ಮೇಲೇಳುತ್ತದಲ್ಲ, ಆಗ ಅವಸರಪಟ್ಟು ಹೊರಗೆಳೆಯಬೇಡಿ. ಕಾಣದ ಮೀನಿಗೆ ನೀವು ಮಾಡಬಹುದಾದ ಕೆಣಕು ಅದೊಂದೇ. ಹಲವು ಮೀನು ಕಚ್ಚುವುದು ಆ ಕೊನೆಯ ಏರಿನಲ್ಲೇ.

ಇಂಥ ರಭಸದ ನೀರಿಗೆ ತಾಮ್ರ ಸಾಲದು ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಈಗ ತಲೆಗೆ ಟಂಗ್‌ಸ್ಟನ್ ಮಣಿ ಪೋಣಿಸಿ ಕಟ್ಟುತ್ತಾರೆ. ನೀರಿಗೆ ಹೋಲಿಸಿದರೆ ತಾಮ್ರ ಸುಮಾರು 9 ಪಟ್ಟು ಭಾರ, ಟಂಗ್‌ಸ್ಟನ್ 19 ಪಟ್ಟು. ನಡುವೆ 11 ಪಟ್ಟಿನ ಸೀಸ. ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲಿ ಮೀನುಗಾರರ ಸಣ್ಣ ಸೀಸದ ತೂಕಗಳನ್ನು ನಿಷೇಧಿಸಿತು. ನೀವೂ ಅದನ್ನು ಬಳಸದಿರುವುದು ಒಳ್ಳೆಯದು. ಟಂಗ್‌ಸ್ಟನ್ ಮಣಿ ಭೋರ್ಗರೆವ ಜಾಗಕ್ಕೆ ಸರಿ. ಶಾಂತ ಮಡುವಿನಲ್ಲಿ ಅದು ಡುಬುಕ್ ಎಂದು ಬಿದ್ದು ಮೀನನ್ನು ಓಡಿಸುತ್ತದೆ, ತಳಕ್ಕೆ ಹೋಗಿ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಏಳುವಾಗಲೂ ಹುಳುವಿನಂತೆ ಏಳದೆ ಬಾವಿಯ ಕೊಡದಂತೆ ಏಳುತ್ತದೆ. ಡಬ್ಬಿಯಲ್ಲಿ ಎರಡೂ ಇರಲಿ, ಮೊದಲು ಕೈ ಹೋಗುವುದು ತಾಮ್ರಕ್ಕಿರಲಿ.

ಗಾಳ ಬಿಚ್ಚುವ ಮುನ್ನ ಒಂದು ಕೆಲಸ ಇದೆ. ದಂಡೆಯಂಚಿನ ನೀರಿಗಿಳಿದು ಅಂಗೈಯಗಲದ ಒಂದು ಕಲ್ಲನ್ನು ಎತ್ತಿ ತಿರುಗಿಸಿ ನೋಡಿ. ಚಪ್ಪಟೆ ಮೈಯ, ಅಂಟಿಕೊಂಡು ಏಡಿಯ ಹಾಗೆ ಸರಿಯುವ ಹುಳುಗಳು ಕಂಡರೆ ಅವು ಮೇಫ್ಲೈಯ ಕಲ್ಲುಹಿಡುಕ ಜಾತಿ. ಸಣಕಲು ಮೈಯ, ಕಲ್ಲು ಎತ್ತಿದೊಡನೆ ಮೀನಿನ ಮರಿಯಂತೆ ಪಟಪಟ ಬಡಿದುಕೊಳ್ಳುವವು ಇದ್ದರೆ ಅವೇ ನಮ್ಮ ಬೀಟಿಸ್ ಬಳಗ. ಹಿಮಾಲಯದ ಹೊಳೆಗಳಲ್ಲೂ ಇವು ಧಾರಾಳ. ಅವುಗಳ ಅಳತೆಗೆ ನಿಮ್ಮ ಹುಳುವನ್ನು ಹೋಲಿಸಿಕೊಳ್ಳಿ. ಬೆನ್ನ ಪೊಟ್ಟಣ ಕಪ್ಪಗಿದ್ದರೆ ಇವತ್ತೋ ನಾಳೆಯೋ ಏಳುವ ಹುಳುಗಳು ಅವು, ನೀವು ಒಳ್ಳೆಯ ದಿನ ಬಂದಿದ್ದೀರಿ. ನೋಡಿದ ಮೇಲೆ ಕಲ್ಲನ್ನು ಇದ್ದ ಮಗ್ಗುಲಿಗೇ ಇಡಿ.

ಕಲ್ಲು ಬೋಳಾಗಿದ್ದರೆ? ಈ ಹುಳುಗಳು ಉಸಿರಾಡುವುದು ಹೊಟ್ಟೆಯ ಪಕ್ಕದ ಕಿವಿರುಗಳಿಂದ. ಹೂಳು ಕೂತರೆ ಉಸಿರುಗಟ್ಟುತ್ತದೆ. ರಸ್ತೆ ಅಗಲಿಸುವಾಗ ಗುಡ್ಡದ ಮಣ್ಣನ್ನು ಹೊಳೆಗೆ ತಳ್ಳಿದ ಕಡೆ, ಪ್ರವಾಹ ತಳವನ್ನೇ ತೊಳೆದುಕೊಂಡು ಹೋದ ಕಡೆ ಕಲ್ಲಿನಡಿ ಏನೂ ಇರುವುದಿಲ್ಲ. 2023ರ ಜುಲೈ ಮಳೆಯಲ್ಲಿ ಕುಲ್ಲು ಜಿಲ್ಲೆಯ ಹೊಳೆಗಳು ಹೇಗೆ ಉಕ್ಕಿದ್ದವು ಎಂಬುದನ್ನು ನೀವು ಟಿ.ವಿ.ಯಲ್ಲಿ ನೋಡಿದ್ದೀರಿ. ಸಾಯರ್ ತನ್ನ ಏವನ್‌ನಲ್ಲಿ ವರ್ಷಗಟ್ಟಲೆ ಕೆಸರು ಎತ್ತಿಸಿದ್ದೂ ಹುಳು ಉಳಿಯಲಿ, ಮೀನು ಮೊಟ್ಟೆಯಿಡುವ ಜಲ್ಲಿ ಚೊಕ್ಕಟವಾಗಿರಲಿ ಎಂದೇ. ನಾಲ್ಕೈದು ಕಡೆ ಕಲ್ಲು ತಿರುಗಿಸಿದರೂ ಹುಳುವಿಲ್ಲದಿದ್ದರೆ ಅಲ್ಲಿ ಗಾಳ ಬಿಚ್ಚಬೇಡಿ. ಉಣ್ಣಲು ಇಲ್ಲದ ಹೊಳೆಯಲ್ಲಿ ಅಳಿದುಳಿದ ಮೀನನ್ನು ದಣಿಸುವುದರಲ್ಲಿ ಏನು ಸುಖ?

ಇನ್ನು ನಿಯಮದ ಮಾತು. ಹಿಮಾಚಲದಲ್ಲಿ ಟ್ರೌಟ್‌ಗೆ ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಮೀನು ಮೊಟ್ಟೆಯಿಡುವ ಕಾಲವೆಂದು ಟ್ರೌಟ್ ನೀರಿನಲ್ಲಿ ಗಾಳಕ್ಕೆ ರಜೆ. ಮಾರ್ಚ್, ಏಪ್ರಿಲ್ ತಿಂಗಳು, ಆಮೇಲೆ ಮಳೆ ಮುಗಿದು ನೀರು ತಿಳಿಯಾದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ನಿಂಫ್‌ಗೆ ಹೇಳಿ ಮಾಡಿಸಿದ ಸಮಯ. ನಡುವೆ ಹಿಮ ಕರಗಿ ನೀರು ಬೂದಿ ಬಣ್ಣಕ್ಕೆ ತಿರುಗಿದಾಗ ಮೀನಿಗೆ ಈ ಪುಟ್ಟ ಹುಳು ಕಾಣುವುದೇ ಇಲ್ಲ.

ಮನೆಯಿಂದ ಹೊರಡುವ ಮೊದಲೇ ಇಕ್ಕಳದಿಂದ ಕೊಕ್ಕೆಯ ಹಿಮ್ಮುಳ್ಳನ್ನು ಅದುಮಿ ಮಟ್ಟ ಮಾಡಿಡಿ. ದಾರ ಬಿಗಿಯಾಗಿ ಹಿಡಿದರೆ ಮೀನು ಬಿಟ್ಟುಹೋಗುವುದಿಲ್ಲ, ಬಿಡಿಸುವಾಗ ಬಾಯಿ ಹರಿಯುವುದೂ ಇಲ್ಲ. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ, ತಲೆಯನ್ನು ಸೆಳವಿನ ಎದುರಿಗೆ ಮಾಡಿ ಹಿಡಿಯಿರಿ. ಕಿವಿರು ನಾಲ್ಕಾರು ಸಲ ಆಡುವ ತನಕ ಕೈ ಕೆಳಗಿರಲಿ. ಹೊರಡುವಾಗ ಅದು ಹೇಳಿ ಹೊರಡುವುದಿಲ್ಲ, ಬಾಲದ ಒಂದೇ ಏಟಿಗೆ ನಿಮ್ಮ ಮುಖಕ್ಕೆ ನೀರೆರಚಿ ಹೋಗುತ್ತದೆ.